ಮೊಳೆಗೆ ತೂಗುಹಾಕಿದ ಚಂದ್ರ

ನಮ್ಮ ಮನೆಯಲ್ಲಿ ಚಂದ್ರ ಹುಟ್ಟುವುದು ಪೂರ್ವದಲ್ಲಲ್ಲ, ಅಡುಗೆಮನೆಯ ಬಾಗಿಲ ಹಿಂದೆ. ಅಲ್ಲೊಂದು ಮೊಳೆ, ಮೊಳೆಗೊಂದು ಕ್ಯಾಲೆಂಡರು. ಗ್ಯಾಸ್ ಸಿಲಿಂಡರು ಬಂದ ದಿನಕ್ಕೆ ಹಾಕಿದ ಗುರುತು, ನನ್ನ ರಕ್ತಪರೀಕ್ಷೆಯ ದಿನಕ್ಕೆ ಸುತ್ತಿದ ಸೊನ್ನೆ, ಇವುಗಳ ನಡುವೆ ಇರುವೆಸಾಲಿನಂಥ ಅಕ್ಷರಗಳಲ್ಲಿ ‘ಸಂಕಷ್ಟಿ’ ಎಂದೂ, ಅದರ ಕೆಳಗೆ ಚಂದ್ರೋದಯದ ಗಂಟೆ ನಿಮಿಷಗಳೂ ಅಚ್ಚಾಗಿರುತ್ತವೆ. ಗೋಡೆಗಡಿಯಾರದ ಮುಳ್ಳು ಅಲ್ಲಿಗೆ ತಲುಪಿತೆಂದರೆ ಚಂದ್ರೋದಯವಾಯಿತು. ಹೊರಗೆ ಹೋಗಿ ನೋಡುವ ಪ್ರಶ್ನೆಯೇ ಇಲ್ಲ. ಹೊನ್ನಾವರದ ನಮ್ಮ ಮನೆಯ ಪೂರ್ವಕ್ಕೆ ಪಕ್ಕದವರು ಮೂರಂತಸ್ತಿನ ಕಟ್ಟಡ ಎಬ್ಬಿಸಿ, ಅದರ ನೆತ್ತಿಯ ಮೇಲೆ ಎರಡು ಕರಿಯ ನೀರಿನ ಟ್ಯಾಂಕುಗಳನ್ನು ಕೂರಿಸಿದ್ದಾರೆ. ಸೂರ್ಯನೇ ನಮ್ಮಲ್ಲಿಗೆ ತಡವಾಗಿ ಬಂದು ಸಹಿ ಹಾಕುವ ಗುಮಾಸ್ತನಾಗಿರುವಾಗ ಚಂದ್ರನಿಂದ ಸಮಯಪಾಲನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಸಂಕಷ್ಟಿ ಎಂದರೆ ನಿಮಗೆ ಗೊತ್ತೇ ಇದೆ: ಹುಣ್ಣಿಮೆ ಕಳೆದ ನಾಲ್ಕನೆಯ ತಿಥಿ, ಗಣಪತಿಯ ಹೆಸರಿನಲ್ಲಿ ಹಗಲೆಲ್ಲ ಉಪವಾಸ, ರಾತ್ರಿ ಚಂದ್ರನಿಗೆ ಅರ್ಘ್ಯ ಬಿಟ್ಟ ಮೇಲೆ ಊಟ. ನನ್ನ ಹೆಂಡತಿ ಸುಮಿತ್ರೆ ಈ ವ್ರತ ಹಿಡಿದದ್ದು ನನ್ನ ಹೃದಯದ ದೆಸೆಯಿಂದ. ಹೀಗೆಂದ ಕೂಡಲೇ ನೀವು ದಾಂಪತ್ಯದ ಸರಸವನ್ನು ಕಲ್ಪಿಸಿಕೊಳ್ಳಬೇಡಿ. ಹೃದಯವೆಂದರೆ ಇಲ್ಲಿ ರಕ್ತನಾಳಗಳುಳ್ಳ, ಕೊಬ್ಬು ಕಟ್ಟಿಕೊಳ್ಳುವ ಅಂಗ ಮಾತ್ರ. ಎರಡು ವರ್ಷದ ಹಿಂದೆ ಒಂದು ರಾತ್ರಿ ನಾನು ಎದೆ ಹಿಡಿದುಕೊಂಡು ಕೂತೆ. ಮಂಗಳೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿನವರು ಒಳಗೊಂದು ಸ್ಟೆಂಟು ಕೂರಿಸಿ, ಕರಿದದ್ದನ್ನು ಕಣ್ಣಿನಿಂದಲೂ ನೋಡಬಾರದೆಂದು ಬುದ್ಧಿ ಹೇಳಿ ಕಳಿಸಿದರು. ಸುಮಿತ್ರೆ ಅಂದೇ ಇಪ್ಪತ್ತೊಂದು ಸಂಕಷ್ಟಿಯ ಹರಕೆ ಹೇಳಿಕೊಂಡಳು. ನಾನಾದರೋ ಕುಮಟೆಯ ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ವಿಚಾರವಾದಿ. ವೈದ್ಯರು ಮಾಡಿದ ಕೆಲಸದ ಕೀರ್ತಿಯನ್ನು ಗಣಪತಿ ಹೊಡೆದುಕೊಂಡನೆಂದು, ಅವಳು ಉಪವಾಸವಿದ್ದ ಹಗಲುಗಳಲ್ಲಿ, ಅವಳೇ ಮಾಡಿಟ್ಟ ಉಪ್ಪಿಟ್ಟಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ಉಪನ್ಯಾಸ ಕೊಡುತ್ತಿದ್ದೆ. ವಿಚಾರವಾದಕ್ಕೆ ಹೊಟ್ಟೆ ತುಂಬಿರಬೇಕು.

ಇನ್ನು ನಾನು ಖಗೋಳಜ್ಞನಾದ ಕತೆ. ಸಂಜೆಯ ವಾಕಿಂಗಿನಲ್ಲಿ ಗೆಳೆಯರೊಬ್ಬರು ಯಾವುದೋ ಚುಕ್ಕಿ ತೋರಿಸಿ ಹೆಸರು ಕೇಳಿದಾಗ, ಸುಮ್ಮನಿದ್ದರೆ ಮೇಷ್ಟ್ರ ಮರ್ಯಾದೆ ಹೋಗುತ್ತದೆಂದು ‘ಸ್ವಾತಿ’ ಎಂದುಬಿಟ್ಟೆ. ಅದು ಸ್ವಾತಿಯೋ ಶ್ರವಣವೋ ನನಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಅಜ್ಞಾನದಲ್ಲಿ ಸಮಾನರಾದವರ ನಡುವೆ ಮೊದಲು ಬಾಯಿ ಬಿಟ್ಟವನೇ ಪಂಡಿತ. ಹೀಗೆ ಗಳಿಸಿದ ಪಾಂಡಿತ್ಯವನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿದ್ದಾಗ, ಶಿರಾಲಿಯ ಹೆದ್ದಾರಿಯಿಂದ ಒಳಗೆ ಗುಡ್ಡದ ಮೇಲೆ ಒಂದು ಸಾರ್ವಜನಿಕ ವೀಕ್ಷಣಾಲಯವಾಗಿದೆಯೆಂದೂ, ಅಲ್ಲಿ ಕತ್ತಲ ಆಕಾಶದಡಿ ನಕ್ಷತ್ರಗಳನ್ನು ತೋರಿಸಿ ವಿವರಿಸುತ್ತಾರೆಂದೂ ತಿಳಿಯಿತು. ಕೂಡಲೇ ಮೊಬೈಲಿನಲ್ಲಿ ಇಬ್ಬರ ಹೆಸರು ನೋಂದಾಯಿಸಿದೆ. ಬಾಗಿಲ ಹಿಂದಿನ ಕ್ಯಾಲೆಂಡರನ್ನು ಮಾತ್ರ ನೋಡಲಿಲ್ಲ.

ನೋಡಿದ್ದು ಸುಮಿತ್ರೆ. ನಾನು ಗೊತ್ತುಮಾಡಿದ ಸಂಜೆ ಸಂಕಷ್ಟಿ. ಅದೂ ಕಟ್ಟಕಡೆಯ ಸಂಕಷ್ಟಿ. ಅಂದು ಅವಳು ಸರಿಯಾಗಿ ಉಪವಾಸವಿದ್ದು, ಸರಿಯಾಗಿ ಅರ್ಘ್ಯ ಬಿಟ್ಟರೆ ಹರಕೆ ತೀರಿತು. ಏನಾದರೂ ತಪ್ಪಿದರೆ ಅಷ್ಟೂ ತಿಂಗಳ ಹಸಿವು ನೀರಿನಲ್ಲಿ ಹೋಮ ಮಾಡಿದಂತೆ. ನಾನು ಅಪರಾಧಿಯಂತೆ ನಿಂತು, ಬೇಡವೆಂದರೆ ಬಿಡೋಣವೆಂದೆ. ಅವಳು ಮಾತ್ರ ಹಿಟ್ಟು ಕಲಸುತ್ತಲೇ ಹೇಳಿದಳು: “ಚಂದ್ರ ಅಲ್ಲೂ ಹುಟ್ತ ಅಲ್ದ? ಮೋದಕ ಡಬ್ಬೀಲಿ ಹಾಕ್ಯಂಡು ಬತ್ತೆ. ನಿಂಗ ಒಬ್ರೇ ಕತ್ಲೇಲಿ ಕಾರು ಓಡ್ಸೂದು ಬ್ಯಾಡ.” ಸಂಜೆಗೆ ಮುಂಚೆ ಪೂಜೆ ಮುಗಿಸಿ, ಮೋದಕದ ಡಬ್ಬಿಯನ್ನೂ ಅರ್ಘ್ಯದ ತಾಮ್ರದ ತಂಬಿಗೆಯನ್ನೂ ಚೀಲಕ್ಕೆ ಹಾಕಿ, ನನಗಿಂತ ಮೊದಲು ಕಾರಿನಲ್ಲಿ ಕೂತಳು.

ದಾರಿಯಲ್ಲಿ ಒಂದು ಘಟನೆ ನಡೆಯಿತು. ಇತಿಹಾಸಕಾರನಾದ್ದರಿಂದ ಅದನ್ನು ಮುಚ್ಚಿಡಲಾರೆ. ಶಿರಾಲಿ ಹತ್ತಿರವಾದಂತೆ ಹೆದ್ದಾರಿಯ ಬದಿಯ ಸಣ್ಣ ಹೋಟೆಲಿನಿಂದ ಬನ್ಸ್ ಕರಿಯುವ ಪರಿಮಳ ಬಂತು. ಮಾಗಿದ ಬಾಳೆಹಣ್ಣು ಕಲಸಿದ ಆ ಹಿಟ್ಟು ಎಣ್ಣೆಯಲ್ಲಿ ಉಬ್ಬುವಾಗಿನ ಪರಿಮಳದ ಮುಂದೆ ಸಂಯಮ, ಶಾಸ್ತ್ರ, ಶಸ್ತ್ರಚಿಕಿತ್ಸೆ ಮೂರೂ ಸೋಲುತ್ತವೆ. ವೀಕ್ಷಣಾಲಯದ ದಾರಿ ಕೇಳಿಕೊಂಡು ಬರುತ್ತೇನೆಂದು ಇಳಿದೆ. ದಾರಿ ಕೇಳಲು ಎರಡು ಬನ್ಸಿನಷ್ಟು ಹೊತ್ತು ಹಿಡಿಯಿತು. ಮರಳಿ ಬಂದು ಗಂಭೀರವಾಗಿ ಸ್ಟೇರಿಂಗ್ ಹಿಡಿದಾಗ ಸುಮಿತ್ರೆ ನನ್ನ ಮೀಸೆಯನ್ನೇ ಕ್ಷಣಕಾಲ ನೋಡಿ, ಮುಖ ಮುಂದಕ್ಕೆ ತಿರುಗಿಸಿ ಕೇಳಿದಳು: “ದಾರಿ ಬಿಸಿ ಇದ್ದಿತ್ತಾ?” ಬಿಸಿಯಾಗಿಯೇ ಇತ್ತು, ಆದರೆ ಅದನ್ನು ಹೇಳುವಂತಿರಲಿಲ್ಲ.

ಗುಡ್ಡದ ನೆತ್ತಿ ಎಂದರೆ ಕೆಂಪುಕಲ್ಲಿನ ಹಾಸು, ನಡುವೆ ಬಿಳಿಯ ಸಣ್ಣ ಗುಮ್ಮಟ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಘಟ್ಟ. ನಮ್ಮ ಹಾಗೆ ಹೆಸರು ಕೊಟ್ಟು ಬಂದ ನಾಲ್ಕಾರು ಕುಟುಂಬಗಳು ಆಗಲೇ ನೆರೆದಿದ್ದವು. ಎಲ್ಲವನ್ನೂ ತೋರಿಸುವವರು ಭಟ್ಕಳದ ಸಮೀನಾ ಟೀಚರ್. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಸಂಜೆ ಇಲ್ಲಿ ದೂರದರ್ಶಕ ನಡೆಸುವವರು. ಮನೆಯವರ ಫೋನು ಬಂದರೆ ಮನೆಮಾತಾದ ನವಾಯತಿಯಲ್ಲಿ ಎರಡು ಮಾತು ಮುಗಿಸಿ, ನಮ್ಮ ಕಡೆ ತಿರುಗಿದರೆ ನಮಗಿಂತ ಸ್ವಚ್ಛವಾದ ಕನ್ನಡ. ಅವರು ಮೊದಲಿಗೇ ಎಚ್ಚರಿಸಿದರು: “ಇವತ್ತು ಚಂದ್ರ ತಡವಾಗಿ ಬರ್ತಾನೆ, ಅದ್ಕೇ ಈ ದಿವ್ಸ ಆರಿಸಿದ್ದು. ಅವ ಬಂದ್ರೆ ನಮ್ಮ ಕತೆ ಮುಗೀತು. ಅವನ ಬೆಳಕಿಗೆ ಎಂತದೂ ಕಾಣೂದಿಲ್ಲ.” ಎಲ್ಲರೂ ಚಂದ್ರನನ್ನು ಕರೆಯದೆ ಬರುವ ನೆಂಟನೆಂಬಂತೆ ಭಾವಿಸಿ ತಲೆಯಾಡಿಸಿದರು. ಬೆಳಗಿನಿಂದ ಆ ನೆಂಟನ ದಾರಿಯನ್ನೇ ಕಾಯುತ್ತಿದ್ದವಳು ಸುಮಿತ್ರೆ. ಅವಳ ಜತೆಗೆ, ಕುಮಟೆ ಹತ್ತಿರದ ಬಾಡ ಎಂಬ ಊರಿನಿಂದ ಗಂಡನೊಡನೆ ಬಂದಿದ್ದ ಒಬ್ಬ ಹೆಂಗಸೂ ಸಂಕಷ್ಟಿಯವರೇ ಎಂದು ತಿಳಿದು, ಇಬ್ಬರೂ ಕಟ್ಟೆಯ ಮೇಲೆ ಒಟ್ಟಿಗೆ ಕೂತರು.

ನನಗೆ ನನ್ನ ಪಾಂಡಿತ್ಯದ ಅವಸರ. ಟೀಚರ್ ಗುಮ್ಮಟದ ಬಾಗಿಲು ತೆರೆಯುತ್ತಿರುವಷ್ಟರಲ್ಲಿ, ಕಡಲಂಚಿನಲ್ಲಿ ಝಗಝಗಿಸುತ್ತಿದ್ದ ಒಂದು ದೊಡ್ಡ ಚುಕ್ಕಿಯನ್ನು ಬಾಡದ ದಂಪತಿಗೆ ತೋರಿಸಿ, ಇಗೋ ಶುಕ್ರ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಶುಕ್ರಾಚಾರ್ಯ ಒಕ್ಕಣ್ಣನಾದ ಪ್ರಸಂಗವನ್ನು ವಿವರಿಸಿ, ಆ ಒಂದು ಕಣ್ಣಿನ ತೇಜಸ್ಸೇ ಹೀಗಿದ್ದರೆ ಎರಡೂ ಇದ್ದಿದ್ದರೆ ಹೇಗಿರುತ್ತಿತ್ತೆಂದು ಕೈಯೆತ್ತಿ ವರ್ಣಿಸುತ್ತಿದ್ದಾಗ, ಸಮೀನಾ ಟೀಚರ್ ಹಿಂದಿನಿಂದ ಬಹಳ ಮೆದುವಾಗಿ, “ಸರ್, ಶುಕ್ರ ಈಗ ಬೆಳಿಗ್ಗೆ ಕಾಣೂದು. ಅದು ಬೋಟು” ಎಂದರು. ಅವರ ಮಾತಿಗೆ ಸಾಕ್ಷಿ ಹೇಳುವಂತೆ ಶುಕ್ರನು ಮೆಲ್ಲನೆ ತಿರುಗಿ, ತೆಂಗಿನಗುಂಡಿಯ ದಿಕ್ಕಿಗೆ ಸರಿಯತೊಡಗಿದನು. ನನ್ನ ಶುಕ್ರದೆಸೆ ಬಂದರಿನ ದೆಸೆಗೆ ಹೋಯಿತು. ಬಾಡದ ಯಜಮಾನರು ಸ್ವಂತ ಬೋಟಿರುವವರಂತೆ. ಪಾಪ, ನನ್ನ ಮುಖ ನೋಡಲಾರದೆ, “ಇರ್ಲಿ ಬಿಡಿ ಸರ್, ದೂರದಿಂದ ಎಲ್ಲ ಒಂದೇ ನಮೂನಿ ಕಾಣ್ತದೆ” ಎಂದು ಸಮಾಧಾನ ಹೇಳಿದರು. ಸುಮಿತ್ರೆ ಹಸಿದ ಹೊಟ್ಟೆಯಲ್ಲೂ ನನ್ನನ್ನು ಬಿಡಲಿಲ್ಲ. “ನಿಂಗಳ ಶುಕ್ರ ಮೀನು ಹಿಡಿಯಲೆ ಹೋಯ್ದ ಕಾಣ್ತು” ಎಂದಳು.

ದೂರದರ್ಶಕದ ಸಾಲಿನಲ್ಲಿ ನಿಂತದ್ದು ಇನ್ನೊಂದು ಅಧ್ಯಾಯ. ನನ್ನ ಸರದಿ ಬಂದು ಕಣ್ಣಿಟ್ಟಾಗ ಕಂಡದ್ದು ಕರಿಯ ಆಕಾಶ, ಅದರಲ್ಲಿ ಉದ್ದಕ್ಕೆ ಬಾಗಿದ ಐದಾರು ಗೆರೆಗಳು. ಗುರುಗ್ರಹ ಇಷ್ಟು ವಿಚಿತ್ರವಾಗಿರುತ್ತದೆಂದು ಎಣಿಸಿರಲಿಲ್ಲ. ‘ಅದ್ಭುತ’ ಎಂದು ಉದ್ಗರಿಸಿದೆ. ಟೀಚರು, ಕಣ್ಣನ್ನು ಅಷ್ಟು ಒತ್ತಿ ಹಿಡಿದರೆ ನಮ್ಮ ರೆಪ್ಪೆಯೇ ಕಾಣುತ್ತದೆಂದರು. ನನ್ನ ರೆಪ್ಪೆಗೂದಲಿಗೆ ಅಷ್ಟೊಂದು ಮೆಚ್ಚುಗೆ ಹಿಂದೆ ಯಾರಿಂದಲೂ ಬಂದಿರಲಿಲ್ಲ. ಸ್ವಲ್ಪ ಹಿಂದೆ ಸರಿದು ನೋಡಿದೆ: ಪುಟ್ಟ ಹಳದಿ ಬಿಲ್ಲೆ, ಅದರ ಅಕ್ಕಪಕ್ಕ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿ ಉಪಗ್ರಹಗಳು. ಗುರುವಿನ ಸುತ್ತ ನಾಲ್ವರು ವಿಧೇಯ ಶಿಷ್ಯರು! ಶುಕ್ರವಾರ ಮಧ್ಯಾಹ್ನದ ನನ್ನ ತರಗತಿಯಲ್ಲಿ ಅಷ್ಟೂ ಜನ ಇರುತ್ತಿರಲಿಲ್ಲ. ಆಮೇಲೆ ಕೃತ್ತಿಕೆಯನ್ನು ತೋರಿಸಿದರು. ಕೃತ್ತಿಕೆ ನನ್ನ ಜನ್ಮನಕ್ಷತ್ರ. ಅದುವರೆಗೆ ಅರ್ಚನೆ ಮಾಡಿಸುವಾಗ ಹೆಸರಷ್ಟೇ ಹೇಳಿದ್ದು, ಮುಖಪರಿಚಯವಿರಲಿಲ್ಲ. ನೋಡಿದರೆ ಅದು ಒಂದು ನಕ್ಷತ್ರವೇ ಅಲ್ಲ, ಸಂತೆ. ಸುಮಿತ್ರೆಯೂ ಬಂದು ನೋಡಿ, ತನಗೆ ಇಷ್ಟು ವರ್ಷ ಅರ್ಥವಾಗದ್ದು ಈಗ ಅರ್ಥವಾಯಿತೆಂಬಂತೆ ತಲೆದೂಗಿದಳು. “ನಕ್ಷತ್ರವೇ ಇಷ್ಟೊಂದಿದ್ದು. ನಿಂಗಳ ಬುದ್ಧಿ ಒಂದೇ ಕಡೆ ಹ್ಯಾಂಗೆ ನಿಲ್ತು?” ಎಂದವಳು, ಮತ್ತೆ ಮತ್ತೆ ಸಾಲಿಗೆ ಬಂದು ನಿಂತಳು. ತೋರಿಸಿದ ಒಂದೊಂದನ್ನೂ, ಕಾಣುವವರೆಗೆ ಕಂಡಿತೆಂದು ಹೇಳದೆ, ಕಂಡ ಮೇಲೆ ಸಣ್ಣ ಮಗುವಿನಂತೆ ನಕ್ಕು ಸರಿಯುತ್ತಿದ್ದಳು. ಹಸಿದವಳು ಅವಳು, ಕಟ್ಟೆ ಹಿಡಿದು ಕೂತವನು ನಾನು.

ಹೀಗಿರಲು ಕ್ಯಾಲೆಂಡರಿನ ಹೊತ್ತಾಯಿತು. ಬಾಡದ ಹೆಂಗಸು ಮೊಬೈಲು ನೋಡಿ, “ಆತು ಆತು, ಚಂದ್ರೋದಯ ಆತು” ಎಂದು ಪೂರ್ವಕ್ಕೆ ಕೈಮುಗಿದು, ಬಾಳೆಹಣ್ಣಿನ ಸಿಪ್ಪೆ ಸುಲಿದರು. ಪೂರ್ವದಲ್ಲಿ ಚಂದ್ರನ ಸುಳಿವಿರಲಿಲ್ಲ. ಘಟ್ಟ ಅಡ್ಡ ನಿಂತಿತ್ತು. ಸಾಲದ್ದಕ್ಕೆ ಘಟ್ಟದ ಮೇಲೆ ಮೋಡದ ಒಂದು ಪಟ್ಟಿ ಮಲಗಿತ್ತು. ನಾನು ತಂಬಿಗೆಗೆ ನೀರು ತುಂಬಿ ಸುಮಿತ್ರೆಯ ಕೈಗೆ ಕೊಟ್ಟು, ಅರ್ಘ್ಯ ಬಿಟ್ಟು ಊಟ ಮಾಡೆಂದೆ. ಅವಳು ತಂಬಿಗೆಯನ್ನು ಹಿಡಿದುಕೊಂಡೇ ಪೂರ್ವಕ್ಕೆ ನೋಡಿ, “ಕಾಣ್ತಿಲ್ಲೆ” ಎಂದಳು. ಕಾಣದಿದ್ದರೇನು, ಆಗಿದೆಯಲ್ಲ ಎಂದೆ. “ಕಂಡ ಮೇಲೇ ಬಿಡೂದು” ಎಂದಳು.

ಆಮೇಲೆ ನಡೆದ ವಾದವನ್ನು ನನ್ನ ಹಳೆಯ ಸಹೋದ್ಯೋಗಿಗಳು ಕೇಳಿದ್ದರೆ ನನ್ನ ಬೀಳ್ಕೊಡುಗೆಯ ಶಾಲನ್ನು ವಾಪಸು ಕಸಿದುಕೊಳ್ಳುತ್ತಿದ್ದರು. ಜೀವಮಾನವೆಲ್ಲ ಪಂಚಾಂಗವನ್ನು ಹಾಸ್ಯಮಾಡಿದ ನಾನು ಅಂದು ಪಂಚಾಂಗದ ವಕೀಲನಾದೆ. ಅಚ್ಚಾದದ್ದು ಸುಳ್ಳಾಗದು, ಗಣಿತ ಮೋಸ ಮಾಡದು, ಘಟ್ಟವಿಲ್ಲದಿದ್ದರೆ ಈಗಾಗಲೇ ಕಾಣುತ್ತಿತ್ತು, ಆದ್ದರಿಂದ ತಾತ್ತ್ವಿಕವಾಗಿ ಚಂದ್ರೋದಯವಾಗಿದೆ ಎಂದು ಸಾಧಿಸಿದೆ. ವಿಚಾರವಾದಿ ನಂಬೆಂದು ಗೋಗರೆಯುತ್ತಿದ್ದಾನೆ, ಭಕ್ತೆ ಪುರಾವೆ ಕೇಳುತ್ತಿದ್ದಾಳೆ! ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ ಎಂದು ಪ್ರಮಾಣಗಳನ್ನು ಹೇಳುತ್ತಾರಲ್ಲ. ಅವಳದು ಪ್ರತ್ಯಕ್ಷ, ನನ್ನದು ಬರೀ ಅನುಮಾನ. ದೀಪದ ಮಂದ ಬೆಳಕಿನಲ್ಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಟ್ಟೆಯ ಮೇಲೆ ಕೂತುಬಿಟ್ಟದ್ದನ್ನು ನೋಡಿದ ಮೇಲೆ ನನ್ನ ತರ್ಕ ನಿಂತುಹೋಯಿತು. ನನಗೆ ನಿಜವಾಗಿ ಹೆದರಿಕೆಯಾಯಿತು. ಮೋಡ ಸರಿಯದಿದ್ದರೆ? ರಾತ್ರಿಯಿಡೀ ಹೀಗೇ ಕೂತರೆ?

ಮುಚ್ಚುವ ಹೊತ್ತು ಮೀರಿತ್ತು. ಉಳಿದವರು ಒಬ್ಬೊಬ್ಬರಾಗಿ ಹೊರಟರು. ಸಮೀನಾ ಟೀಚರ್ ಬಂದು, ಎಂತ ಅಕ್ಕ ಎಂದು ವಿಚಾರಿಸಿದಾಗ ಸುಮಿತ್ರೆ ನನಗೆ ಎಂದೂ ಹೇಳದಿದ್ದ ಮಾತನ್ನು ಅವರಿಗೆ ಹೇಳಿದಳು: “ಆಸ್ಪತ್ರೆಯಲ್ಲಿ ಇವ್ರನ್ನ ಒಳಗೆ ಕರ್ಕೊಂಡು ಹೋದ ಮೇಲೆ ನಾನೊಬ್ಬಳೇ ಹೊರಗೆ. ಯಾರೂ ಇರ್ಲಿಲ್ಲ. ಕಿಟಕಿಯಲ್ಲಿ ಚಂದ್ರ ಇದ್ದ. ಅವನ ಮುಖ ನೋಡಿಯೇ ಹರಕೆ ಹೇಳಿಕೊಂಡದ್ದು. ಮತ್ತೆ ಮನೆಯಲ್ಲಿ ಪ್ರತಿ ಸಲ ಗಡಿಯಾರ ನೋಡಿ, ಪಕ್ಕದವರ ಟ್ಯಾಂಕಿಗೇ ಅರ್ಘ್ಯ ಬಿಟ್ಟೆ. ಕಡೇದಾದ್ರೂ ಅವನಿಗೇ ಬಿಡ್ಬೇಕು.”

ಗುಮ್ಮಟಕ್ಕೆ ಬೀಗ ಹಾಕಲು ಕೀಲಿಕೈ ಹಿಡಿದು ಬಂದಿದ್ದ ಟೀಚರ್ ಅದನ್ನು ಚೀಲಕ್ಕೆ ಹಾಕಿ, ಅವಳ ಪಕ್ಕದಲ್ಲಿ ಕೂತುಬಿಟ್ಟರು. “ನಮ್ಮಲ್ಲೂ ಹಾಗೇ ಅಕ್ಕ. ಈದ್ ಚಂದ್ರನಿಗೆ ಇಡೀ ಊರು ಟೆರೇಸ್ ಮೇಲೆ ಇರ್ತದೆ. ನಾನು ಲೆಕ್ಕ ಹಾಕಿ ಇಷ್ಟು ಗಂಟೆಗೆ ಅಂತ ಹೇಳಿದ್ರೆ ನನ್ನ ಅಜ್ಜಿ ಕೇಳೂದು ಒಂದೇ: ಲೆಕ್ಕ ಇರ್ಲಿ, ಕಂಡ್ತಾ? ನಾವೂ ಕಾಯುವ. ಎಂತ ಅವಸರ?”

ನಾವು ಮೂವರೂ ಕಾದೆವು. ಅವರಿಬ್ಬರು ಮಾತಾಡುತ್ತಿದ್ದರು; ನಾನು ಘಟ್ಟದ ಕಡೆ ಮುಖ ಮಾಡಿ ಕೂತಿದ್ದೆ. ಆ ಆಸ್ಪತ್ರೆಯ ರಾತ್ರಿಯ ಬಗ್ಗೆ ನಾನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದೇನೆ. ಎಲ್ಲವೂ ನನ್ನ ಎದೆ, ನನ್ನ ನೋವು, ನನ್ನ ಧೈರ್ಯ. ಬಾಗಿಲ ಹೊರಗೆ ಒಬ್ಬಳು ಒಂಟಿಯಾಗಿ ನಿಂತಿದ್ದಳು, ಅವಳಿಗೆ ಮಾತಾಡಲು ಸಿಕ್ಕಿದವನು ಕಿಟಕಿಯ ಚಂದ್ರನೊಬ್ಬನೇ ಎಂಬುದು ನನ್ನ ಇತಿಹಾಸದಲ್ಲಿ ದಾಖಲಾಗಿರಲಿಲ್ಲ. ನಾನು ಬದುಕಿರಲೆಂದು ಅವಳು ಹಸಿದಿದ್ದಳು. ನಾನು ಉಪ್ಪಿಟ್ಟು ತಿನ್ನುತ್ತ ಅದನ್ನು ಮೂಢನಂಬಿಕೆಯೆಂದು ಕರೆದಿದ್ದೆ. ನಾಚಿಕೆಯಾಯಿತು. ಹೊಟ್ಟೆಯೊಳಗಿದ್ದ ಎರಡು ಬನ್ಸು ಕಲ್ಲಿನಂತೆ ಕೂತವು. ಯಾವ ದೇವರ ಹೆಸರನ್ನೂ ಹಿಡಿಯದೆ, ಮೇಲೆ ನೋಡಿ, ಒಮ್ಮೆ ಬಂದುಬಿಡು ಮಾರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಮೊದಲು ಮೋಡದ ಅಂಚು ಕೆಂಪಾಯಿತು. ಎಲ್ಲೋ ಗುಡ್ಡಕ್ಕೆ ಬೆಂಕಿ ಬಿದ್ದಿರಬೇಕೆಂದುಕೊಂಡೆ. ಆದರೆ ಶುಕ್ರನ ಅನುಭವವಾದ ಮೇಲೆ ಬಾಯಿ ಬಿಡುವ ಧೈರ್ಯವಿರಲಿಲ್ಲ. ಆಮೇಲೆ ಮೋಡಕ್ಕೂ ಘಟ್ಟದ ನೆತ್ತಿಗೂ ನಡುವಿನ ಸಂದಿಯಲ್ಲಿ, ಒಂದು ಬದಿ ಸವೆದ ಕೆಂಪು ಚಂದ್ರ ಮೆಲ್ಲಗೆ ಇಣುಕಿದ. “ಕಂಡ್ತು!” ಎಂದು ಮೊದಲು ಕೂಗಿದವರು, ಸಂಜೆಯಿಡೀ ಅವನನ್ನು ಬೈದಿದ್ದ ಸಮೀನಾ ಟೀಚರೇ. ಸುಮಿತ್ರೆ ಎದ್ದು, ಕೆಂಪುಕಲ್ಲಿನ ಹಾಸಿನ ಅಂಚಿಗೆ ಹೋಗಿ, ಅರ್ಘ್ಯ ಬಿಟ್ಟಳು. ಏನು ಹೇಳಿಕೊಂಡಳೋ ಕೇಳಿಸಲಿಲ್ಲ. ಬಹಳ ಹೊತ್ತು ಹೇಳಿಕೊಂಡಳು. ಅವಳು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು.

ಟೀಚರ್ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿ ಅವಳನ್ನು ಕರೆದರು. ಇಷ್ಟು ಹೊತ್ತು ಪೂಜಿಸಿದವನನ್ನು ಹತ್ತಿರದಿಂದ ಕಂಡ ಸುಮಿತ್ರೆ, “ಅಯ್ಯೋ ದೇವ್ರೇ, ಎಷ್ಟು ಹೊಂಡ! ನಮ್ಮ ಹೆದ್ದಾರಿಯೇ ಅಡ್ಡಿಲ್ಲೆ” ಎಂದಳು. ಆದರೆ ಹೊಂಡಗಳಿಂದ ಅವಳ ಭಕ್ತಿಗೇನೂ ಕುಂದು ಬಂದಂತೆ ಕಾಣಲಿಲ್ಲ. ಹೊಂಡಗಳಿರುವ ಗಂಡನೊಡನೆ ಇಷ್ಟು ವರ್ಷ ಬಾಳಿದವಳಿಗೆ ಅದೇನು ದೊಡ್ಡದಲ್ಲ. ಡಬ್ಬಿ ತೆರೆದು ಟೀಚರಿಗೆ ಮೋದಕ ಕೊಟ್ಟಳು, ತಾನೂ ತಿಂದಳು. ನಾನು ಕೈ ನೀಡಿದೆ. ಅವಳು ಡಬ್ಬಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು, “ನಿಂಗ ದಾರಿ ಕೇಳಿ ಆತಲೆ!” ಎಂದಳು. ಎರಡು ಕ್ಷಣ ನನ್ನ ಕೈ ಹಾಗೇ ಗಾಳಿಯಲ್ಲಿತ್ತು. ಕೊನೆಗೆ ಒಂದು ಸಿಕ್ಕಿತು, ಬೆಲ್ಲ ಹೆಚ್ಚಿದ್ದದ್ದು.

ಇದೆಲ್ಲ ಮುಗಿದು ಒಂದು ತಿಂಗಳಾಯಿತು. ಹರಕೆ ತೀರಿದೆ, ಮೊಳೆ ಅಲ್ಲೇ ಇದೆ, ಕ್ಯಾಲೆಂಡರೂ ಅಲ್ಲೇ ಇದೆ. ನಿನ್ನೆ ಮತ್ತೆ ಸಂಕಷ್ಟಿ. ಸುಮಿತ್ರೆ ಬೆಳಿಗ್ಗೆ ನೆಮ್ಮದಿಯಾಗಿ ದೋಸೆ ತಿಂದಳು. ನನಗೆ ಹಸಿವಿಲ್ಲವೆಂದೆ; ಮಧ್ಯಾಹ್ನ, ಹೊಟ್ಟೆ ಸರಿಯಿಲ್ಲವೆಂದೆ. ರಾತ್ರಿ ತಾರಸಿ ಹತ್ತಿದೆ. ಅಲ್ಲಿ ಒಂದು ಮೂಲೆಯಲ್ಲಿ ನಿಂತರೆ ಪಕ್ಕದವರ ಎರಡು ಟ್ಯಾಂಕುಗಳ ನಡುವೆ ಗೇಣುದ್ದ ಆಕಾಶ ಸಿಗುತ್ತದೆಂಬುದನ್ನು ನಾನು ಇತ್ತೀಚೆಗೆ ಸಂಶೋಧಿಸಿದ್ದೇನೆ. ಕೆಳಗಿನಿಂದ ಅವಳ ಕೂಗು ಬಂತು: “ಕ್ಯಾಲೆಂಡರಲ್ಲಿ ಆತು, ಉಂಬಲೆ ಬನ್ನಿ.” ನಾನು ಟ್ಯಾಂಕುಗಳ ಸಂದಿಯನ್ನು ನೋಡಿ, “ಕಾಣ್ತಿಲ್ಲೆ” ಎಂದೆ.

ಆಮೇಲೆ ಮೆಟ್ಟಿಲು ಹತ್ತಿ ಬಂದಳು, ಕೈಯಲ್ಲಿ ಟಾರ್ಚು. ಯಾರ ಸಲುವಾಗಿ ಎಂದು ಕೇಳಿದಳು. ವಿಜ್ಞಾನದ ಸಲುವಾಗಿ, ಕ್ಯಾಲೆಂಡರಿಗೂ ಆಕಾಶಕ್ಕೂ ಇರುವ ಅಂತರವನ್ನು ನೋಡುತ್ತಿದ್ದೇನೆ ಎಂದೆ. ಅವಳು ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟು, ಮೀಸೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪರೀಕ್ಷಿಸಿದಳು. ಎಣ್ಣೆಯ ಪಸೆ ಇರಲಿಲ್ಲ. ಟಾರ್ಚು ಆರಿಸಿ, ಸೆರಗು ಹೊದ್ದು, ನನ್ನ ಪಕ್ಕದಲ್ಲಿ ನಿಂತಳು. ಅಡುಗೆಮನೆಯಲ್ಲಿ ಚಂದ್ರ ಹುಟ್ಟಿ ಆಗಲೇ ಬಹಳ ಹೊತ್ತಾಗಿತ್ತು.